ಸಿಮೆಂಟಿಗೆ ಎರೆದ ನೀರು

“ಎಳೀಬೇಡ್ರೀ, ಮುರಿದುಗಿರಿದೀತು! ಇನ್ನೊಂದ್ ಚೊಂಬು ಬಿಸಿನೀರು ತನ್ನಿ.”

ಗುರುಬಸಮ್ಮನನ್ನು ಕೂರಿಸಲು ಹೆಣಗುತ್ತಿದ್ದವರನ್ನು ಜಂಗಮ ಏಕಾಂತಯ್ಯ ತಡೆದ. ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡಬೇಕು. ಅವಳು ಯಾವಾಗ ಉಸಿರು ಬಿಟ್ಟಳೋ, ಪಕ್ಕದಲ್ಲಿ ಮಲಗಿದ್ದ ಗಂಡ ಪರಮಶಿವಯ್ಯನಿಗೂ ತಿಳಿದಿರಲಿಲ್ಲ; ಬೆಳಗ್ಗೆ ಮುಟ್ಟಿದಾಗ ಮೈ ಸೆಟೆದಿತ್ತು. ಸೊಂಟ, ಮಂಡಿ ಹೇಗೋ ಬಗ್ಗಿದವು. ಕತ್ತು ಮಾತ್ರ ಹಿತ್ತಲ ಕಿಟಕಿಯತ್ತ ಹೊರಳಿದ್ದು ಹಾಗೆಯೇ ನಿಂತಿತ್ತು.

“ನೀವೊಂದ್ಸಲ ಹಿಡೀರಿ ಭಾವ,” ಎಂದಳು ನಾದಿನಿ ರುದ್ರಾಣಿ.

ಪರಮಶಿವಯ್ಯ ಹೆಂಡತಿಯ ಗಲ್ಲಕ್ಕೆ ಕೈಯಿಟ್ಟ. ಎರಡನೇ ಮಹಾಯುದ್ಧದ ಕಾಲದಿಂದ ಅವಳು ಅವನನ್ನು ಮುಖವೆತ್ತಿ ನೋಡಿರಲಿಲ್ಲ. ಈಗಲಾದರೂ ಒಮ್ಮೆ ತನ್ನತ್ತ ತಿರುಗಲಿ ಎಂದು ಮೆಲ್ಲಗೆ ಒತ್ತಿದ. ತಿರುಗಲಿಲ್ಲ.

“ಇದ್ದಾಗ್ಲೂ ಹಿಂಗೇ ತಾನೆ ಹಟ,” ಎಂದ ಹಿತ್ತಲ ರೂಮಿನ ಬಾಡಿಗೆಯ ಶೀನಣ್ಣ.

“ನೀವು ಸುಮ್ನಿರಿ ಶೀನಣ್ಣ. ನಿಮ್ಮಂಥೋರಿಗೆ ರೂಮಾಗ್ಲಿ ಅಂತಾನೇ ಅಕ್ಕನ ಮರ ಹೋಗಿದ್ದು.”

*

ಯುದ್ಧದ ಆ ದಿನಗಳಲ್ಲಿ ಕೆಲಸ ಹುಡುಕಿ ಬೆಂಗಳೂರಿಗೆ ಜನ ನುಗ್ಗುತ್ತಿದ್ದರು. ಚಾಮರಾಜಪೇಟೆಯಲ್ಲಿ ಹಿತ್ತಲಿದ್ದವರೆಲ್ಲ ರೂಮು ಕಟ್ಟಿಸುತ್ತಿದ್ದರು. ಪರಮಶಿವಯ್ಯನ ಹಿತ್ತಲ ತುಂಬ ಒಂದು ನೇರಳೆ ಮರ. ಮಕ್ಕಳಿಲ್ಲದ ಗುರುಬಸಮ್ಮ ಅದಕ್ಕೆ ನೀರೆರೆಯುತ್ತ ಮನೆಯ ಮಾತೆಲ್ಲ ಹೇಳಿಕೊಳ್ಳುತ್ತಿದ್ದಳು. ಗಂಡನ ಮೇಲಿನ ದೂರೂ ಅಲ್ಲಿಗೇ. ಅವಳ ಕಣ್ಣೆದುರು ಬೇಡವೆಂದು, ಬಳೇಪೇಟೆಯ ತಂಗಿ ರುದ್ರಾಣಿಯ ಮನೆಗೆ ಕಳಿಸಿ ಅವನು ಮರ ಕಡಿಸಿದ. ಅದು ತನ್ನ ದಯೆಯೆಂದೇ ನಂಬಿದ್ದ.

ಮರಳಿ ಬಂದವಳು ಅಳಲಿಲ್ಲ. “ಒಂದ್ ಮಾತು ಅಂದಿದ್ರೆ, ಮರಕ್ಕೆ ಹೇಳಿ ಹೋಗ್ತಿದ್ದೆನಲ್ಲ,” ಎಂದಳು.

ಮರುದಿನದಿಂದ ಬುಡವಿದ್ದ ಜಾಗಕ್ಕೆ ನೀರೆರೆದಳು. ರೂಮು ಕಟ್ಟಿಸಿ, ಅದರ ಬಾಗಿಲೆದುರಿನ ಆ ಜಾಗಕ್ಕೆ ಸಿಮೆಂಟು ಹಾಕಿಸಿದ ಮೇಲೂ ಎರೆದಳು. ಶೀನಣ್ಣನ ಹೊಸಿಲು ಸದಾ ಒದ್ದೆ. “ನಿಮ್ಮನೆಯವರಿಗೆ ತಲೆ ಸರಿಯಿಲ್ಲ ಸಾರ್, ತೋರಿಸಿ,” ಎಂದು ಅವನು ಬೀದಿಗೆ ಕೇಳುವಂತೆ ಹೇಳಿದ ದಿನ ಪರಮಶಿವಯ್ಯ ಅವಳ ಕೈಯಿಂದ ಕೊಡ ಕಸಿದ. ಆಮೇಲೆ ಕೆಲಸ ಮುಗಿದೊಡನೆ ಕಿಟಕಿಯತ್ತ ಮುಖ ಮಾಡಿ ಮಲಗುವುದೇ ಅವಳ ಪಾಡಾಯಿತು. ಕಿಟಕಿಯಾಚೆ ರೂಮಿನ ಗೋಡೆ.

*

ರುದ್ರಭೂಮಿಯಲ್ಲಿ ಗುಂಡಿ ಇನ್ನೂ ಸಿದ್ಧವಾಗಿರಲಿಲ್ಲ.

“ಆಲದ ಬೇರು ಅಡ್ಡ ಬಂದೈತೆ ಬುದ್ದಿ,” ಗುಂಡಿಯೊಳಗಿಂದ ಮರಿಯಣ್ಣ ಕೂಗಿದ. “ಕೊಡ್ಲಿ ಕೊಡ್ರಿ.”

“ಕಡೀಬೇಡ!” ಪರಮಶಿವಯ್ಯ ಕಿರುಚಿದ. ಎಲ್ಲರೂ ಅವನತ್ತ ನೋಡಿದರು. “ಬೇರೆ ಕಡೆ ತೋಡಪ್ಪ.”

“ಎಲ್ ತೋಡಿದ್ರೂ ಈ ಮರದ ಬೇರೇ ಸಿಗೋದು. ಬೇರು ಕಡೀದೆ ಬಿಟ್ರೆ ಅಮ್ಮಾರು ಕೂರೋಕಾಗಕಿಲ್ಲ. ಮಲಗಿಸ್ಬೇಕಾಯ್ತದೆ.”

“ಮಲಗಿಸೋದಾ?” ರುದ್ರಾಣಿ ಮುಂದೆ ಬಂದಳು. “ದಿಕ್ಕಿಲ್ಲದೋಳ ಥರಾನಾ ಭಾವ? ನಮ್ಮಕ್ಕನ್ನಾ?”

ಏಕಾಂತಯ್ಯ ತಲೆಯೆತ್ತಿ ಇಳಿಯುತ್ತಿದ್ದ ಹೊತ್ತನ್ನು ನೋಡಿದ. ಪರಮಶಿವಯ್ಯ ಹೆಂಡತಿಯನ್ನು ನೋಡಿದ. ಹೂವಿನ ನಡುವೆ ಕುಳಿತ ಅವಳ ಮುಖ ಬೇರೆಲ್ಲೋ ಇತ್ತು.

“ಕಡಿ,” ಎಂದ. ಗುಂಡಿಯೊಳಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ಅವಳನ್ನು ಗುಂಡಿಯ ಪಕ್ಕಕ್ಕೆ ಕೊರೆದ ಗೂಡಿನಲ್ಲಿ ಕೂರಿಸಿ, ಸುತ್ತ ವಿಭೂತಿ ತುಂಬಿದರು. ಕಡಿದ ಬೇರಿನಿಂದ ಹಾಲು ಜಿನುಗಿ ಅವಳ ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು. ಮರಿಯಣ್ಣ ಬೇರಿನ ತುದಿಗೆ ಹಿಡಿ ಮಣ್ಣು ಮೆತ್ತಿ ಅದನ್ನು ನಿಲ್ಲಿಸಲು ನೋಡಿದ. ಮಣ್ಣು ನೆನೆದು ಕಳಚಿ ಬಿತ್ತು.