ಮೂರನೆಯ ಕೋಣೆಯ ಗೋಡೆ

ಸ್ಕೇಲಿನ ಅಂಚು ಗೋಡೆಗೆ ಸಿಕ್ಕಿ ಪಟ್ಟೆಂದು ಮುರಿಯಿತು. ದೇವಿಂದ್ರಪ್ಪ ಮಾಸ್ತರ ಕೈಯಲ್ಲುಳಿದ ತುಂಡನ್ನು ಎಸೆದು ದಾರಿಯ ಕಡೆ ನೋಡಿದ. ಬೆಳಗಿನ ಶಾಲೆ ಬಿಟ್ಟು ತಾಸಾಗಿತ್ತು. ಇಂಜಿನಿಯರು ಮೂರಕ್ಕೆ ಬರುತ್ತೇನೆಂದಿದ್ದ. ಸುಣ್ಣದ ಕೆಳಗಿಂದ ಇನ್ನೂ ಒಂದು ಅಕ್ಷರವೂ ಕಂಡಿರಲಿಲ್ಲ.

"ಗೋಡಿ ಯಾಕ ಕೆರೆಯಾಕತ್ತೀರಿ ಸರ? ಸುಣ್ಣ ಹಚ್ಚಿ ವರ್ಷ ಸೈತ ಆಗಿಲ್ಲ," ಬಿಸಿಯೂಟದ ಪಾತ್ರೆ ತಿಕ್ಕುತ್ತಿದ್ದ ಗೌಸಿಯಾಬೇಗಂ ಕಟ್ಟೆಯ ಮೇಲಿಂದಲೇ ಕೇಳಿದಳು.

"ಹಚ್ಚಿಸಿದಾಂವ ನಾನೇ, ಕೆರೆಯಾಂವನೂ ನಾನೇ. ಒಂದ್ ಕುರ್ಪಿ ಇದ್ರ ತಾ ಯವ್ವಾ."

ಶಾಲೆಗೆ ಇದ್ದದ್ದು ಮೂರು ಕೋಣೆ. ಮೊದಲನೆಯದರ ಬಾಗಿಲ ಮೇಲೆ ಜಿಲ್ಲಾ ಪಂಚಾಯತಿಯ ಹೆಸರಿನ ಕಲ್ಲಿತ್ತು. ಎರಡನೆಯದರ ಗೋಡೆಯಲ್ಲಿ ಪೆನ್ಸಿಲ್ ಏರಿ ಕುಳಿತ ಹುಡುಗ-ಹುಡುಗಿಯ ಚಿತ್ರ. ಆ ಕೋಣೆ ಕಟ್ಟಲು ಹಣದ ಹೆಚ್ಚಿನ ಪಾಲು ದಿಲ್ಲಿಯಿಂದ ಬಂದಿತ್ತು, ಉಳಿದದ್ದು ಬೆಂಗಳೂರಿನಿಂದ. ಮೂರನೆಯದರ ಮಾಳಿಗೆ ದಸರೆಯ ಮಳೆಗೆ ಒಂದು ಬದಿ ಜಗ್ಗಿತು. ಜೂನಿನೊಳಗೆ ರಿಪೇರಿ ಆಗದಿದ್ದರೆ ಆರು, ಏಳನೆಯ ತರಗತಿಗಳನ್ನು ಹಳ್ಳದಾಚೆಯ ಊರಿನ ಶಾಲೆಗೆ ಕಳಿಸಬೇಕೆಂದು ಕಾಗದ ಬಂತು. "ಭಾಗ್ಯಾನ ಅಷ್ಟು ದೂರ ಕಳಸಂಗಿಲ್ರಿ ಸರ, ಹೊಲಕ್ಕ ಕರ್ಕೊಂಡು ಹೋಗ್ತೀನಿ" ಎಂದು ಬಾಳಮ್ಮ ಆರನೆಯ ತರಗತಿಯ ಮೊಮ್ಮಗಳ ಎದುರಿಗೇ ಹೇಳಿದ್ದಳು. ಭಾಗ್ಯಾ ಕಂಪಾಸ್ ಪೆಟ್ಟಿಗೆಯ ಮುಚ್ಚಳ ತೆಗೆಯುವುದು, ಮುಚ್ಚುವುದು, ಅಷ್ಟೇ ಮಾಡುತ್ತಿದ್ದಳು. ಆ ಟಕ್ ಟಕ್ ಸದ್ದು ಬಸ್ಸಿನಲ್ಲಿ ಕುಳಿತಾಗಲೂ ದೇವಿಂದ್ರಪ್ಪನ ಬೆನ್ನು ಬಿಡುತ್ತಿರಲಿಲ್ಲ.

ಆಳಂದಕ್ಕೂ ಕಲಬುರಗಿಗೂ ಅವನು ಎಷ್ಟು ಸಲ ಅಲೆದನೋ. ಕಚೇರಿಯ ಒಂದು ಮೇಜಿನವರು ಇದು ಪಂಚಾಯತಿಯ ಕೋಣೆ ಇದ್ದೀತು ಎಂದರು. ಇನ್ನೊಂದು ಮೇಜಿನವರು ದಿಲ್ಲಿಯ ಯೋಜನೆ ಎಂದರು. ಮೂರನೆಯವರು ರಾಜ್ಯದ್ದು ಎಂದು ಮೊದಲನೆಯವರ ಕಡೆಗೇ ಅಟ್ಟಿದರು. ಯಾರ ಹಣದಲ್ಲಿ ಕಟ್ಟಿದ್ದೋ ಅವರೇ ರಿಪೇರಿ ಮಾಡಿಸಬೇಕು. ಯಾವ ಪಟ್ಟಿಯಲ್ಲೂ ಕೋಣೆ ಸಿಗಲಿಲ್ಲ. "ಗೋಡಿ ಮ್ಯಾಲ ಬರ್ದಿರ್ತದಲ್ರಿ, ಅದರ ಫೋಟೋ ತರ್ರಿ" ಎಂದರು. "ಅಕ್ಷರ ಅಳಿಸಿ ಹೋಗ್ಯಾವ್ರಿ" ಎಂದು ಅವನು ಸುಳ್ಳು ಹೇಳಿದ. ಆಗಸ್ಟ್ ಹದಿನೈದಕ್ಕೆ ಸಾಹೇಬರು ಬರುತ್ತಾರೆಂದು ತಾನೇ ನಿಂತು ಸುಣ್ಣ ಹೊಡೆಸಿದ್ದು, ಕುಂಚದ ಕೆಳಗೆ ಕೆಂಪಗೆ ಏನೋ ಕಂಡದ್ದು, ಓದದೆ ಬಿಟ್ಟದ್ದು ಬಾಯಿಗೆ ಬರಲಿಲ್ಲ. ಕೊನೆಗೆ ಇಂಜಿನಿಯರೇ ಬಂದು ಗೋಡೆ ನೋಡಲಿ ಎಂದಾಯಿತು.

ಅವಳು ಕೊಟ್ಟ, ಕಳೆ ತೆಗೆಯುವ ಕುರ್ಪಿಗೆ ಸುಣ್ಣ ಬಿಲ್ಲೆಬಿಲ್ಲೆಯಾಗಿ ಎದ್ದಿತು. ಕೆಳಗೆ ನೀಲಿ. ಅದರ ಕೆಳಗೆ ಕೆಂಪು ಅಕ್ಷರ. ಅವನು ಆತುರದಿಂದ ಕೆರೆದ. ಯೋಜನೆಯ ಹೆಸರಿರಲಿಲ್ಲ, ಇಸವಿ ಇರಲಿಲ್ಲ. 'ಮಲ್ಕಮ್ಮ, ತೊಲೆ ಎರಡು. ನಾಗಣ್ಣ, ಜಾಗ. ಇಮಾಮಸಾಬ, ಕಲ್ಲು ಹನ್ನೆರಡು ಬಂಡಿ.' ಎಲ್ಲಕ್ಕಿಂತ ಕೆಳಗೆ, 'ಊರವರು ಕೂಡಿ ಕಟ್ಟಿದ್ದು.'

ಅವನು ಹಾಗೆಯೇ ಕುಕ್ಕರಗಾಲಲ್ಲಿ ಕುಳಿತ.

"ಏನ್ ಬರ್ದದ್ರಿ ಸರ?"

"ಇಮಾಮಸಾಬ ಅಂದ್ರ ಯಾರವ್ವಾ?"

ಗೌಸಿಯಾಬೇಗಂ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಎದ್ದು ಬಂದಳು. "ನಮ್ಮ ಮಾವಾರ್ರಿ. ಸಾಲಿ ಗೋಡಿ ಮ್ಯಾಗ ನಂದು ಹೆಸ್ರದ ಅಂತಿದ್ರು. ಮುದುಕ ಸುಳ್ಳು ಬಿಡಾಕತ್ತಾನ ಅಂತ ನಾವೆಲ್ಲ ನಗತಿದ್ವಿ." ಅವಳಿಗೆ ಓದು ಬಾರದು. ಬೆರಳಿಟ್ಟು ಕೇಳಿದಳು, "ಇಲ್ಲಿಂದ ಇಲ್ಲೀ ಮಟ ಏನ್ರಿ?"

"ಹೂಂ. ಅಷ್ಟೂ ಅವರ್ದೇ."

ಅಷ್ಟರಲ್ಲಿ ಬೈಕು ಬಂತು. ಇಂಜಿನಿಯರ್ ಶಾಂತಕುಮಾರ ಹೆಲ್ಮೆಟ್ ತೆಗೆಯುತ್ತಲೇ ನಕ್ಕ. "ಸಿಕ್ತೇನ್ರಿ ಮಾಸ್ತರ ನಿಮ್ಮ ಶಾಸನ?" ಗೋಡೆ ಓದುತ್ತ ಓದುತ್ತ ಅವನ ನಗೆ ನಿಂತಿತು.

"ಇದು ಸರ್ಕಾರದ್ದೇ ಅಲ್ಲಲ್ರಿ. ಈ ಫೋಟೋ ಕಳ್ಸಿದ್ರ ಫೈಲು ಅಲ್ಲೇ ಬಂದ್."

"ನಲವತ್ತು ವರ್ಷ ಸರ್ಕಾರಿ ಹುಡುಗೂರೇ ಕುಂತಾವ ಇದ್ರಾಗ."

"ಕುಂದ್ರಲಿ ಬಿಡ್ರಿ. ಹುಡುಗೂರ್ನ ಯಾರು ಕೇಳ್ತಾರ? ಕೋಣಿ ಯಾರ್ದು ಅಂತ ಕೇಳ್ತಾರ."

ಶಾಂತಕುಮಾರ ಒಳಗೆ ಹೋಗಿ ಜಗ್ಗಿದ ಮಾಳಿಗೆಯನ್ನು ನೋಡಿದ. ಗೋಡೆಯ ಮೂಲೆಯನ್ನು ಬೂಟಿನಿಂದ ಒದ್ದು, ಕಲ್ಲು ಅಲುಗುವುದಿಲ್ಲ ಎಂಬುದನ್ನು ಕಂಡು ಹೊರಗೆ ಬಂದ. ದನಿ ತಗ್ಗಿಸಿದ. "ಇಲ್ಲಿ ಪಂಚಾಯತಿ ಹೆಸ್ರು ಬರೀರಿ. ನಾ ಚಾ ಕುಡ್ದು ಬರ್ತೇನಿ. ಇನ್ನೂ ಬಂದೇ ಇಲ್ಲ ಅಂತ ತಿಳ್ಕೋರಿ."

ಬೈಕು ಹೋದಮೇಲೆ ದೇವಿಂದ್ರಪ್ಪ ಗೋಡೆಯನ್ನೂ ನೋಡಲಾರದೆ, ಗೌಸಿಯಾಬೇಗಂಳನ್ನೂ ನೋಡಲಾರದೆ ಅಂಗಳದಲ್ಲಿ ಆ ಕಡೆ ಈ ಕಡೆ ತಿರುಗಾಡಿದ. ಅವಳು ಅಡುಗೆ ಕೋಣೆಗೆ ಹೋದಳು. ಸಿಟ್ಟಾಗಿ ಮನೆಗೆ ಹೊರಟಳೆಂದುಕೊಂಡ. ಅವಳು ಬಕೆಟ್ ಹಿಡಿದು ಬಂದಳು.

"ಸುಣ್ಣ ಒಂದೀಟು ಉಳಿದದ್ರಿ."

"ನಿಮ್ಮ ಮಾವಾರ ಹೆಸ್ರು..."

"ಹಳ್ಳ ದಾಟಿ ಯಾರ್ ಹೋಗ್ತಾರ್ರಿ ಸರ," ಎಂದಳು ಬೇರೆ ಕಡೆ ನೋಡುತ್ತ. ಬಕೆಟ್ಟನ್ನು ಅವನ ಕಾಲ ಬಳಿ ಇಟ್ಟು ಪಾತ್ರೆಗಳ ಹತ್ತಿರ ಹೋದಳು.

ಅವನು ಕುಂಚ ಅದ್ದಿ ಎಳೆದ. ಹಸಿ ಸುಣ್ಣ ಏನನ್ನೂ ಮುಚ್ಚಲಿಲ್ಲ. ನೀರು ಕುಡಿದ ಅಕ್ಷರಗಳು ಈಗ ತಾನೇ ಬರೆದಂತೆ ಹೊಳೆದವು. ಪಂಚಾಯತಿಯ ಹೆಸರು ಬರೆಯಲು ಶಾಲೆಯ ಕಪಾಟಿನಿಂದ ತಂದ ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಅವನು ಕಾಯುತ್ತ ಕುಳಿತ. ಬಿಸಿಲು ಬಿದ್ದ ಕಡೆ ಮೊದಲು ಒಣಗಿತು. ಮಲ್ಕಮ್ಮನ ತೊಲೆಗಳು ಬೆಳ್ಳಗಾದವು, ಆಮೇಲೆ ನಾಗಣ್ಣನ ಜಾಗ. ಬೇವಿನ ನೆರಳಲ್ಲಿದ್ದ ಒಂದು ಹೆಸರು ಮಾತ್ರ ಇನ್ನೂ ಕೆಂಪಗೆ ಉಳಿದಿತ್ತು.

ದಾರಿಯಲ್ಲಿ ಬೈಕಿನ ಸದ್ದು ಕೇಳಿಸಿತು. ಕಟ್ಟೆಯ ಮೇಲೆ ಗೌಸಿಯಾಬೇಗಂ, ಆಗಲೇ ಬೆಳಗಿದ್ದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು.