ಒಂಬೈನೂರು ವ್ಯಾಟಿನ ಮನೆ

ಪೆಟ್ಟಿಗೆ ಬಂದು ಇಪ್ಪತ್ತಮೂರು ದಿನವಾಗಿತ್ತು. ಮಲಾಂಗ್ ಊರಿನಲ್ಲಿದ್ದ ಮಗಳು ಕಳಿಸಿದ ಏಸಿ ಅದು. ಕಸ್ಮುರಿ ಮೇಷ್ಟ್ರು ಅದನ್ನು ಬಿಚ್ಚಲೂ ಇಲ್ಲ, ವಾಪಸು ಕಳಿಸಲೂ ಇಲ್ಲ. ಮೇಲೊಂದು ಬಟ್ಟೆ ಹಾಸಿ, ಚಹಾದ ಲೋಟ ಇಡೋದಕ್ಕೆ ಒಳ್ಳೇ ಮೇಜಾಯಿತೆಂದು ಸುಮ್ಮನಿದ್ದರು. ಸುರಬಾಯಾದ ಅಕ್ಟೋಬರ್ ಬಿಸಿಲು ಹೆಂಚನ್ನು ಕಾಯಿಸಿ ಒಳಗಿಳಿಯುತ್ತಿತ್ತು. ಒಳಕೋಣೆಯಲ್ಲಿ ಅವರ ಹೆಂಡತಿ ಸುಮಿಯಾತಿ ಫ್ಯಾನಿನ ಬಿಸಿಗಾಳಿಗೆ ಮುಖವೊಡ್ಡಿ ಮಲಗಿರುತ್ತಿದ್ದಳು.

ಪಾರ್ಶ್ವವಾಯು ಹೊಡೆದು ನಾಲ್ಕು ತಿಂಗಳು. ಬೆಳಗಿನ ಜಾವದ ತಂಪಿನಲ್ಲಿ ಕಣ್ಣು ಬಿಟ್ಟು ಒಂದೋ ಎರಡೋ ಮಾತಿಗೆ ತುಟಿ ಅಲುಗಿಸುತ್ತಿದ್ದಳು. ಹತ್ತು ಗಂಟೆಯಾಯಿತೋ, ರೆಪ್ಪೆ ಮುಚ್ಚಿತು, ಬಾಯಿಗಿಟ್ಟ ಗಂಜಿ ಕಟಬಾಯಿಂದ ಹೊರಗೆ. "ಸೆಖೆ ಇವರಿಗೆ ಆಗೋದೇ ಇಲ್ಲ, ಕೋಣೆ ತಂಪಾಗಿಡಿ. ತಂಪಿದ್ರೆ ಮಾತು ಬರಬಹುದು," ಎಂದು ಡಾಕ್ಟರು ಹೇಳಿದ್ದಕ್ಕೇ ಮಗಳು ಆ ಪೆಟ್ಟಿಗೆ ಕಳಿಸಿದ್ದು.

ಹಾಗಿದ್ದ ಮೇಲೆ ಯಾಕೆ ಹಾಕಿಸಲಿಲ್ಲ ಈ ಮನುಷ್ಯ? ಲೆಕ್ಕ ಅಡ್ಡ ಬಂತು, ಅದಕ್ಕೆ.

ಆ ಗಲ್ಲಿಯ ಮನೆಗಳೆಲ್ಲ ಒಂಬೈನೂರು ವ್ಯಾಟಿನವು. ಅದರ ಮೇಲೆ ಒಂದು ಚೂರು ಹೆಚ್ಚಾದರೂ ಬಾಗಿಲ ಪಕ್ಕದ ಮೀಟರಿನ ಕಡ್ಡಿ ಜೆಗ್ಲೆಕ್ ಎಂದು ಕೆಳಗೆ ಬೀಳುತ್ತದೆ, ಇಡೀ ಮನೆ ಸ್ತಬ್ಧ. ಹಾಗಾಗಿ ಅಲ್ಲಿ ಏನು ಹಾಕುವುದಿದ್ದರೂ ಮೊದಲು ಕೂಗಿ ಹೇಳುವುದು ರೂಢಿ. "ಇಸ್ತ್ರಿ ಹಾಕ್ತೀನಿ" ಎಂದು ಒಬ್ಬರು ಕೂಗಿದರೆ, "ತಡಿ, ಪಂಪ್ ಓಡ್ತಿದೆ" ಎಂದು ಹಿತ್ತಲಿಂದ ಇನ್ನೊಬ್ಬರು. ಮೇಷ್ಟ್ರ ಮನೆಯಲ್ಲಿ ಈ ಕಾರುಬಾರು ಪೂರಾ ಸುಮಿಯಾತಿಯದು. ಅವಳು ನಡೆಸಿದ ಮೂವತ್ತು ವರ್ಷದಲ್ಲಿ ಕಡ್ಡಿ ಬಿದ್ದದ್ದು ಎರಡೇ ಸಲ, ಎರಡು ಸಲವೂ ತಪ್ಪು ಮೇಷ್ಟ್ರದ್ದು. ಈಗ ಕೂಗಿ ಹೇಳಿದರೂ ಓಗೊಡುವವರಿರಲಿಲ್ಲ.

ಮೇಷ್ಟ್ರು ಭೌತಶಾಸ್ತ್ರ ಕಲಿಸಿದವರು. ಉತ್ತರ ಸರಿಯಿದ್ದು ಮುಂದೆ ಜೂಲ್ ಎಂದೋ ವ್ಯಾಟ್ ಎಂದೋ ಬರೆಯದಿದ್ದರೆ ಸೊನ್ನೆ ಸುತ್ತುತ್ತಿದ್ದ ಕೈ ಅದು. ಪೆಟ್ಟಿಗೆಯ ಮೇಲೆ 'ಗಂಟೆಗೆ ಐದು ಸಾವಿರ ಬಿಟಿಯು' ಎಂದಿತ್ತು. ಒಂದು ಬಿಟಿಯು ಎಂದರೆ ಇನ್ನೂರ ಐವತ್ತೆರಡು ಕ್ಯಾಲರಿ ಶಾಖ, ಒಂದು ಕ್ಯಾಲರಿಗೆ ನಾಲ್ಕು ಪಾಯಿಂಟ್ ಎರಡು ಜೂಲ್, ಗಂಟೆಗೆ ಮೂರು ಸಾವಿರದ ಆರುನೂರು ಸೆಕೆಂಡು. ಗುಣಿಸಿ ಭಾಗಿಸಿ, ಕೆಂಪು ಪೆನ್ನಿನಲ್ಲಿ ಪೆಟ್ಟಿಗೆಯ ಮೇಲೇ ಬರೆದರು: 1470 ವ್ಯಾಟ್. ಪಕ್ಕದಲ್ಲಿ ಕಂಪನಿಯವರು 'ವಿದ್ಯುತ್: 390 ವ್ಯಾಟ್' ಎಂದು ಅಚ್ಚು ಹಾಕಿದ್ದರು. ಮೇಷ್ಟ್ರು ಅದರ ಕೆಳಗೆ ಗೆರೆ ಎಳೆದು 'ಅಚ್ಚಿನ ತಪ್ಪು' ಎಂದು ಷರಾ ಬರೆದರು. ಒಂಬೈನೂರರ ಮನೆಗೆ ಸಾವಿರದ ನಾನೂರ ಎಪ್ಪತ್ತು ಹಾಕಿ, ಇರುವ ಫ್ಯಾನೂ ನಿಂತು ಅವಳು ಬೇಯಬೇಕೇನು? ಅವರ ಭಯ ಸುಳ್ಳಲ್ಲ, ಪಾಪ.

ಅವತ್ತು ಮಧ್ಯಾಹ್ನ ದರ್ಸೊನೊ ಬಂದ. ಗಲ್ಲಿಯ ಏಸಿ ರಿಪೇರಿಯವನು, ಮೇಷ್ಟ್ರ ಹಳೇ ಶಿಷ್ಯ. ಪಕ್ಕದ ಮನೆಯ ಏಸಿ ತೊಳೆದು, ಸುಮಿಯಾತಿಯನ್ನು ನೋಡಿ ಹೋಗೋಣವೆಂದು ಒಳಗೆ ಬಂದಿದ್ದ. ಚಹಾದ ಲೋಟವನ್ನೂ ಅದರ ಕೆಳಗಿದ್ದ ಪೆಟ್ಟಿಗೆಯನ್ನೂ ನೋಡಿದ.

"ಏಸಿ ಮೇಲೆ ಬಿಸಿ ಚಹಾ ಇಡೋ ಮನೆ ಊರಿಗೆಲ್ಲ ಇದೊಂದೇ ನೋಡಿ ಮೇಷ್ಟ್ರೇ."

"ನಮ್ಮನೆ ಕರೆಂಟು ಅದನ್ನ ತಡಿಯಲ್ಲ ಕಣೋ."

"ಯಾಕೆ ತಡಿಯಲ್ಲ? ಅರ್ಧ ಕುದುರೆದು ತಾನೇ ಇದು?" ಅಲ್ಲಿ ಅಂಗಡಿಯವರೂ ರಿಪೇರಿಯವರೂ ಏಸಿಯನ್ನು ಅಳೆಯುವುದು ಕುದುರೆಯಲ್ಲೇ, ಅಶ್ವಶಕ್ತಿ ಎನ್ನುವಷ್ಟು ಪುರುಸೊತ್ತು ಯಾರಿಗಿದೆ.

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. "ಅರ್ಧ ಕುದುರೆ ಅಂದ್ರೆ ಮುಂದಿನ ಅರ್ಧವೋ, ಹಿಂದಿನ ಅರ್ಧವೋ? ಬಿಟಿಯು ಬರೆದಿದ್ದಾರೆ, ಬಿಟಿಯು ಓದು. ಸಾವಿರದ ನಾನೂರ ಎಪ್ಪತ್ತು ವ್ಯಾಟ್ ಬರುತ್ತೆ. ಎಷ್ಟು ಸಲ ಮಾಡಿದ್ರೂ ಅಷ್ಟೇ."

"ನಿಮ್ಮ ಗುಣಾಕಾರಕ್ಕೆ ನಾನು ಕೈ ಹಾಕಲ್ಲಪ್ಪ. ಮೂರು ಮಾರ್ಕು ತಗೊಂಡೋನು ನಾನು. ಆದ್ರೆ ಪಕ್ಕದ್ಮನೇಲಿ ಇದೇ ಮಾಡೆಲ್ ಓಡ್ತಿದೆ, ಅವರದ್ದೂ ಒಂಬೈನೂರೇ. ಬನ್ನಿ ತೋರಿಸ್ತೀನಿ."

ದರ್ಸೊನೊ ಕರೆಂಟು ಅಳೆಯುವ ತನ್ನ ಇಕ್ಕಳದಂಥ ಮೀಟರಿನ ಬಾಯಿ ತೆರೆದು, ಪಕ್ಕದ ಮನೆಯ ಏಸಿಯ ತಂತಿಗೆ ಕಚ್ಚಿಸಿದ. ಒಂದು ಪಾಯಿಂಟ್ ಏಳು ಆಂಪಿಯರ್. ಇನ್ನೂರ ಇಪ್ಪತ್ತು ವೋಲ್ಟಿಗೆ ಗುಣಿಸುವುದನ್ನು ಮೇಷ್ಟ್ರಿಗೆ ಯಾರೂ ಹೇಳಬೇಕಿರಲಿಲ್ಲ. ಮುನ್ನೂರ ಎಪ್ಪತ್ತನಾಲ್ಕು. ಮೀಟರಿನ ಹತ್ತಿರ ಬಗ್ಗಿ ಅಂಕಿಯನ್ನು ಮತ್ತೊಮ್ಮೆ ಓದಿದರು.

"ಇನ್ನು ಸಾವಿರದ ಚಿಲ್ಲರೆ ಎಲ್ಲಿಂದ ಬಂತು? ಶಕ್ತಿ ಹಾಗೆಲ್ಲ ಹುಟ್ಟಲ್ಲ," ಎಂದರು, ಅರ್ಧ ತಮಗೇ.

"ಅದು ನಂಗೊತ್ತಿಲ್ಲ ಮೇಷ್ಟ್ರೇ. ಇಲ್ಲಿ ಕೈ ಇಡಿ."

ಗಲ್ಲಿಗೆ ಮುಖ ಮಾಡಿ ಗೋಡೆಗೆ ತೂಗಿದ್ದ ಏಸಿಯ ಹೊರಯಂತ್ರದಿಂದ ಬಿಸಿಗಾಳಿ ಮೇಷ್ಟ್ರ ಅಂಗೈಗೆ ರಾಚಿತು. ದಿನಾ ಅದರ ಕೆಳಗೆ ಹಾಯುವಾಗ ಬೈದುಕೊಂಡೇ ಹೋಗುತ್ತಿದ್ದರು. ಇವತ್ತು ಬೈಯಲಿಲ್ಲ. ಈ ಬಿಸಿ ಕರೆಂಟಿನಿಂದ ಹುಟ್ಟಿದ್ದಲ್ಲ, ಬಹುಪಾಲು ಒಳಗಿನ ಕೋಣೆಯದೇ. ಯಂತ್ರ ಅದನ್ನು ಹೊತ್ತು ಹೊರಗೆ ಹಾಕುತ್ತಿದೆ, ಅಷ್ಟೇ. ಬಿಟಿಯು ಎಂದರೆ ಹೊರೆ, ಮೀಟರಿಗೆ ಬೇಕಾದದ್ದು ಹೊರುವವನ ಶ್ರಮ. ಹಮಾಲಿ ಹೊತ್ತ ಮೂಟೆಯ ತೂಕವನ್ನು ಹಮಾಲಿಯ ಊಟವೆಂದು ಬರೆದುಕೊಂಡಂತಾಗಿತ್ತು ಅವರ ಲೆಕ್ಕ. ಗುಣಾಕಾರ ಸರಿ, ಭಾಗಾಕಾರ ಸರಿ, ವ್ಯಾಟೂ ಸರಿ. ಕುದುರೆಗೆ ಏಳುನೂರ ನಲವತ್ತಾರು ವ್ಯಾಟಿನಂತೆ ನೋಡಿದರೆ ಅರ್ಧ ಕುದುರೆಯೇ ಸತ್ಯಕ್ಕೆ ಹತ್ತಿರವಿತ್ತು.

"ಇಪ್ಪತ್ತಮೂರು ದಿನ ಕಣೋ," ಎಂದರು ಮೇಷ್ಟ್ರು. "ಇಪ್ಪತ್ತಮೂರು ದಿನ ಅವಳನ್ನ ಬೇಯಿಸಿದೆ." ಹೇಳುತ್ತಾ ನಾಚಿಕೆಯಿಂದ ಕುತ್ತಿಗೆಯವರೆಗೆ ಕೆಂಪಾದರು. ದರ್ಸೊನೊ ಅವರ ಕಡೆ ನೋಡದೆ ಮೀಟರು ಬಿಚ್ಚಿ ಚೀಲಕ್ಕೆ ಹಾಕಿಕೊಂಡ.

"ನಾಲ್ಕು ಗಂಟೆಯೊಳಗೆ ಹಾಕಿಕೊಡ್ತೀನಿ, ನಡೀರಿ. ಡ್ರಿಲ್ ಹಾಕೋವಾಗ ಕೂಗ್ತೀನಿ, ಬೇರೆ ಏನೂ ಹಾಕಿರಬೇಡಿ."

ಹಾಗೇ ಮಾಡಿದ. ಹೊರಡುವಾಗ ಬಾಗಿಲಲ್ಲಿ ನಿಂತು, "ಏಸಿ ಓಡ್ತಿರುವಾಗ ಅನ್ನದ ಕುಕ್ಕರ್ರೂ ಪಂಪೂ ಒಟ್ಟಿಗೆ ಬೇಡ ಮೇಷ್ಟ್ರೇ, ಆಗ ಮಾತ್ರ ಜೆಗ್ಲೆಕ್," ಎಂದ. "ಗೊತ್ತು ಹೋಗೋ, ಕೂಡಿಸೋಕೆ ಬರುತ್ತೆ ನಂಗೆ," ಎಂದರು ಮೇಷ್ಟ್ರು.

ಕೋಣೆ ತಣ್ಣಗಾಯಿತು. ಮೇಷ್ಟ್ರು ಹಾಸಿಗೆಯ ಅಂಚಿಗೆ ಕೂತು ಹೆಂಡತಿಯ ಹಣೆ ಮುಟ್ಟಿದರು. ಬೆವರು ಆರಿತ್ತು. "ನನ್ನ ತಪ್ಪು ಕಣೇ," ಎಂದರು. ಅವಳು ಕಣ್ಣು ತೆರೆಯಲಿಲ್ಲ. ಕೇಳಿಸಿತೋ ಇಲ್ಲವೋ, ಯಾರಿಗೆ ಗೊತ್ತು.

ಐದೂವರೆಗೆ ಎದ್ದು ಕುಕ್ಕರಿಗೆ ಅಕ್ಕಿ ಹಾಕಿ ಟಕ್ಕೆಂದು ಸ್ವಿಚ್ಚು ಒತ್ತಿದರು. ಅವಳ ಮೈ ಒರೆಸಲು ನೀರು ಬೇಕಿತ್ತು, ಬಚ್ಚಲ ತೊಟ್ಟಿಗೆ ಚೊಂಬು ಇಳಿಸಿದರೆ ಖಾಲಿ ತಳಕ್ಕೆ ಠಣ್ಣೆಂದು ಬಡಿಯಿತು. ಮನಸ್ಸೆಲ್ಲ ಒಳಕೋಣೆಯಲ್ಲೇ. ಪಂಪಿನ ಸ್ವಿಚ್ಚಿಗೆ ಕೈ ಹೋಯಿತು.

"ರೀ."

ಮೇಷ್ಟ್ರ ಕೈ ಅಲ್ಲೇ ನಿಂತಿತು.

"ಅನ್ನ..." ಒಳಗಿಂದ ಮತ್ತೆ ಬಂತು, ನಾಲಿಗೆ ತೊದಲುತ್ತ, ಆದರೆ ಆ ಹಳೇ ಗದರಿಕೆಯಲ್ಲೇ. "ಅನ್ನದ್ದು... ತೆಗೀರಿ ಮೊದ್ಲು."

ಏಸಿ ಮುನ್ನೂರ ಎಪ್ಪತ್ತನಾಲ್ಕು, ಕುಕ್ಕರ್ ಮುನ್ನೂರ ಐವತ್ತು, ಪಂಪು ಇನ್ನೂರ ಐವತ್ತು. ಒಂಬೈನೂರು ದಾಟುತ್ತಿತ್ತು. ಕಡ್ಡಿ ಬೀಳುತ್ತಿತ್ತು, ಅವಳ ತಂಪು ನಿಲ್ಲುತ್ತಿತ್ತು. ವ್ಯಾಟ್ ಎಂದರೇನೆಂದು ಒಂದು ದಿನವೂ ಕೇಳದವಳು, ಮಲಗಿದಲ್ಲೇ ಮನೆಯ ಸದ್ದು ಆಲಿಸಿ ಕೂಡಿಸಿಬಿಟ್ಟಿದ್ದಳು. ಮೇಷ್ಟ್ರ ಕಣ್ಣು ತುಂಬಿ ಸ್ವಿಚ್ಚು ಮಸುಕಾಯಿತು. ಅಡುಗೆಮನೆಗೆ ಹೋಗಿ ಕುಕ್ಕರಿನ ಪಿನ್ನು ಕಿತ್ತು ಬಂದರು.

ಗಲ್ಲಿಯ ರೂಢಿಯಂತೆ ಜೋರಾಗಿ ಕೂಗಿದರು: "ಅನ್ನ ತೆಗೆದೆ ಕಣೇ. ಪಂಪ್ ಹಾಕ್ತೀನಿ."

ಉತ್ತರ ಬರುವವರೆಗೆ ಕಾದರು. ನಾಲ್ಕು ತಿಂಗಳಿಂದ ಹೀಗೆ ಕಾದಿರಲಿಲ್ಲ.

"ಹಾಕಿ," ಎಂದಳು ಒಳಗಿಂದ.