ನಾಲ್ಕು ತಾಲೂಕಿಗೆ ಒಂದೇ ಗಂಟಲು

ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಮತ್ತು ಕೆ.ಆರ್. ಪೇಟೆ ತಾಲೂಕುಗಳ ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾಗಮಂಗಲದ ದೂರಶಿಕ್ಷಣ ಕೇಂದ್ರದ ಟೀವಿಗೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಸಾವಿರದ ಒಂಬೈನೂರ ತೊಂಬತ್ತೇಳರ ಒಂದು ಶುಭ ಭಾನುವಾರ ಸಂಯೋಜಕರಾದ ಶ್ರೀ ರಘುನಂದನ್ ಅವರು ಸ್ವಹಸ್ತದಿಂದ ತೆಗೆದರು. ಅಡಿಯಲ್ಲಿ ಟೀವಿ ಇತ್ತು. ಚಪ್ಪಾಳೆ ಬಿತ್ತು.

ಇದನ್ನು ಟೀವಿ ಅನ್ನಕೂಡದು, ವಿಡಿಯೋ ಕಾನ್ಫರೆನ್ಸ್ ಅನ್ನಬೇಕು ಎಂದು ರಘುನಂದನ್ ಅಪ್ಪಣೆ ಕೊಡಿಸಿದರು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತ ಮೇಡಂ ಮಾಡುವ ಪಾಠ ಆಕಾಶಕ್ಕೆ ಹೋಗಿ, ನಮ್ಮ ನಾಲ್ಕು ಊರೂ ಸೇರಿ ಇಡೀ ರಾಜ್ಯದ ಕೇಂದ್ರಗಳ ಡಿಶ್ಶುಗಳಿಗೆ ಒಟ್ಟಿಗೇ ಬೀಳುತ್ತದೆ. ನಮ್ಮ ಮುಖ ಮಾತ್ರ ಮೇಲಕ್ಕೆ ಹೋಗುವುದಿಲ್ಲ. ಪಾಠ ಮುಗಿದ ಮೇಲೆ ಸ್ಟುಡಿಯೋದವರೇ ಒಂದೊಂದು ಕೇಂದ್ರಕ್ಕೆ ಫೋನು ಮಾಡುತ್ತಾರೆ. ಫೋನಿನಲ್ಲಿ ಆಡಿದ ಮಾತು ಎಲ್ಲಾ ಊರಿನ ಟೀವಿಯಲ್ಲೂ ಕೇಳುತ್ತದೆ. ದೂರದರ್ಶನ, ದೂರವಾಣಿ, ದೂರಶಿಕ್ಷಣ ಮೂರೂ ಕೂಡಿದ್ದವು. ನಾಲ್ಕನೆಯದಾದ ದೂರು ಇನ್ನೂ ಹುಟ್ಟಿರಲಿಲ್ಲ.

ಮುಖ ಹೋಗುವುದಿಲ್ಲ ಎಂಬುದು ಪಾಂಡವಪುರದ ಹಾಲಿನ ಸೊಸೈಟಿ ಕಾರ್ಯದರ್ಶಿ ತಿಮ್ಮರಾಜುವಿನ ತಲೆಗೂ ಹೋಗಲಿಲ್ಲ. ಮೊದಲ ಪಾಠಕ್ಕೆ ಪೌಡರು ಬಳಿದುಕೊಂಡು ಬಂದು, ಪರದೆಯ ಮೇಡಂಗೆ ಕೈಮುಗಿದು, ಅವರು ತಿರುಗಿ ಮುಗಿಯಲಿಲ್ಲವೆಂದು ಇಡೀ ಪಾಠ ಮುನಿಸಿಕೊಂಡು ಕೂತಿದ್ದ.

ಪದವಿಯ ಕೊನೆಯ ಪತ್ರಿಕೆಗೆ ಪರೀಕ್ಷೆ ಇರಲಿಲ್ಲ, ಗುಂಪು ಚರ್ಚೆ ಇತ್ತು. ಊರಿಗೊಬ್ಬರಂತೆ ನಾಲ್ವರು ಸೇರಿ ಒಂದು ವಿಷಯ ಕಲಿತು, ಪರದೆಯ ಮುಂದೆ ಚರ್ಚಿಸಬೇಕು; ಪಾಸಾದರೆ ನಾಲ್ವರೂ ಪಾಸು, ಇಲ್ಲದಿದ್ದರೆ ನಾಲ್ವರೂ ನಪಾಸು. ಇದಕ್ಕೆ ರಘುನಂದನ್ ಒಗ್ಗೂಡಿ ಕಲಿಯುವುದು ಎಂದು ಹೆಸರಿಟ್ಟರು. ತಮ್ಮ ಗುಂಪು ಗೆದ್ದರೆ ರಾಜ್ಯಕ್ಕೇ ಮಾದರಿಯಾಗಿ, ತಾವು ಬೆಂಗಳೂರಿನಲ್ಲಿ ತಿರುಗುವ ಕುರ್ಚಿಯ ಮೇಲೆ ಕೂರುವುದು ಅವರ ಮಹಾಯೋಜನೆ.

ಗುಂಪಿನಲ್ಲಿ ತಿಮ್ಮರಾಜು ಇದ್ದ. ಶ್ರೀರಂಗಪಟ್ಟಣದ ಚಿಕ್ಕಸ್ವಾಮಿ ಇದ್ದ. ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಬಿ.ಎ. ಇರಲೆಂದು ಸೇರಿದವನು. ನಾಗಮಂಗಲದ ಮುದ್ದಯ್ಯ ಇದ್ದ. ರಘುನಂದನ್ ಹೆಂಡತಿಯ ತಮ್ಮನಾಗಿರುವುದೇ ಅವನ ಉದ್ಯೋಗ. ನಾಲ್ಕನೆಯವಳು ಕೆ.ಆರ್. ಪೇಟೆ ಕೇಂದ್ರದ, ಹೊಸಹೊಳಲಿನ ಪ್ರಮೀಳಾ. ಕೆ.ಆರ್. ಪೇಟೆಯ ಖಾಸಗಿ ಶಾಲೆಯಲ್ಲಿ ಆರು ವರ್ಷದಿಂದ ಪಾಠ ಮಾಡುತ್ತಿದ್ದಳು. ಜೂನ್ ಹೊತ್ತಿಗೆ ಪದವಿ ಬಂದರೆ ಕೆಲಸ ಕಾಯಂ, ಬಾರದಿದ್ದರೆ ಆಡಳಿತ ಮಂಡಳಿಯವರ ಸೊಸೆ ಆ ಕುರ್ಚಿಗೆ ಬರುತ್ತಾಳೆ ಎಂದು ಹೆಡ್‌ಮಾಸ್ತರು ತಿಳಿಸಿದ್ದರು. ಆ ಸೊಸೆ ಆಗಲೇ ಒಂದು ಸಲ ಬಂದು ಕಿಟಕಿ ಪರದೆಯ ಬಣ್ಣ ನೋಡಿಕೊಂಡು ಹೋಗಿದ್ದಳು.

ಹೀಗಾಗಿ ಒಗ್ಗೂಡಿ ಕಲಿಯುವ ಕೆಲಸ ಹೀಗೆ ಹಂಚಿಕೆಯಾಯಿತು: ಪ್ರಮೀಳಾ ಕಲಿಯುವುದು, ಉಳಿದವರು ಒಗ್ಗೂಡುವುದು. ವಿಷಯ ಆಲೆಮನೆಯ ಹೆಣ್ಣಾಳುಗಳ ಕೂಲಿ. ಶಾಲೆ ಬಿಟ್ಟ ಮೇಲೆ ಅವಳು ಆಲೆಮನೆಗಳನ್ನು ಸುತ್ತಿ, ಬೆಲ್ಲದ ಹೊಗೆ ಕುಡಿದು, ನಾಲ್ವರ ಮಾತನ್ನೂ ತಾನೇ ಬರೆದು, ಬಸ್ ಕಂಡಕ್ಟರುಗಳ ಕೈಲಿ ಮೂರು ಊರಿಗೆ ಕಳಿಸಿದಳು. ಅಕ್ಷರ ಇನ್ನೂ ದೊಡ್ಡದಾಗಿ ಬರೀಬೇಕಿತ್ತು ಎಂದು ಚಿಕ್ಕಸ್ವಾಮಿ ಹೇಳಿ ಕಳಿಸಿದ.

ಚರ್ಚೆಯ ದಿನ ಬೆಳಿಗ್ಗೆ ಕೆ.ಆರ್. ಪೇಟೆಯಲ್ಲಿ ರಸ್ತೆ ಅಗೆಯುವವರು ಫೋನಿನ ಕೇಬಲ್ಲನ್ನೂ ಅಗೆದರು. ಕೇಂದ್ರದ ಫೋನು ಸತ್ತಿತು. ಪ್ರಮೀಳಾ ಬೂತಿಗೆ ಓಡಿದರೆ ಅದೂ ಅದೇ ಕೇಬಲ್ಲಿನ ಸಂಬಂಧಿ. ಊರಾಚೆಯ ಪೆಟ್ರೋಲ್ ಬಂಕಿನಿಂದ ಹೇಗೋ ರಘುನಂದನ್‌ಗೆ ಸುದ್ದಿ ಮುಟ್ಟಿಸಿದಳು.

"ಬಸ್ ಹತ್ಕಂಡು ಇಲ್ಲಿಗೇ ಬಂದ್ಬುಡಿ ಪ್ರಮೀಳಮ್ಮ. ಸ್ಟುಡಿಯೋದವ್ರಿಗೇನು ಮುಖ ಕಾಣ್ತದಾ? ಯಾವ ಫೋನಾದ್ರೇನು, ಮಾತು ಮಾತೇ ಕಣ್ರೀ."

ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಚರ್ಚೆ ಶುರುವಾಗುವ ಹೊತ್ತಿಗೆ ನಾಗಮಂಗಲ ಸೇರಿದಳು. ಮೊದಲು ಪಾಂಡವಪುರಕ್ಕೆ ಫೋನು ಹೋಯಿತು. ತಿಮ್ಮರಾಜು ಅವಳು ಬರೆದದ್ದನ್ನು ಒಂದಕ್ಷರ ಬಿಡದೆ ಓದಿದ. ಕಂಸದೊಳಗೆ ಬರೆದಿದ್ದ 'ಇಲ್ಲಿ ಉಸಿರು ತಗೊಳ್ಳಿ' ಎಂಬುದನ್ನೂ ಗಟ್ಟಿಯಾಗಿ ಓದಿ, ಉಸಿರನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಚಿಕ್ಕಸ್ವಾಮಿ ಹಾಳೆ ಕಳೆದುಕೊಂಡಿದ್ದ. ತಿಮ್ಮರಾಜು ಹೇಳಿದ್ದೇ ನನ್ನದೂ ಎಂದ. ಕೆ.ಆರ್. ಪೇಟೆಯ ಫೋನು ಎತ್ತುವವರಿಲ್ಲ. ಕೊನೆಗೆ ನಾಗಮಂಗಲದ್ದು ಬಡಿದುಕೊಂಡಿತು. ಪ್ರಮೀಳಾ ಎತ್ತಿ, ತನ್ನ ಹೆಸರು, ಊರು ಹೇಳಿ, ಆಲೆಮನೆಯನ್ನೇ ತಂದು ಸ್ಟುಡಿಯೋದೊಳಗೆ ಇಳಿಸಿದಳು. ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. ಬಹಳ ಚೆನ್ನಾಗಿ ಮಾತಾಡಿದಿರಿ, ನಾಗಮಂಗಲ, ಎಂದು ಮುಂದಿನ ಜಿಲ್ಲೆಗೆ ಹೋದರು. ಸರದಿ ತಪ್ಪಿದ ಸಂತೋಷಕ್ಕೆ ಮುದ್ದಯ್ಯ ಎಲ್ಲರಿಗೂ ಮದ್ದೂರು ವಡೆ ತರಿಸಿದ.

ಫಲಿತಾಂಶ ಮುಂದಿನ ಭಾನುವಾರ, ಪರದೆಯ ಮೇಲೇ. ಕೆ.ಆರ್. ಪೇಟೆಯ ಕೇಬಲ್ಲು ಜೋಡಿಸಿದ್ದರಿಂದ ಪ್ರಮೀಳಾ ತನ್ನ ಕೇಂದ್ರದಲ್ಲೇ ಕೂತಿದ್ದಳು. ಪಾಸಾದ ಗುಂಪುಗಳಲ್ಲಿ ಇವರದಿರಲಿಲ್ಲ. ನಾಗಮಂಗಲಕ್ಕೆ ಫೋನು ಬಂದದ್ದೇ ತಡ, ರಘುನಂದನ್ ಕಾರಣ ಕೇಳಿದರು. ನಾಲ್ಕೂ ಕೇಂದ್ರ ಮಾತಾಡಬೇಕೆಂಬುದು ನಿಯಮ, ಕೆ.ಆರ್. ಪೇಟೆ ಮಾತಾಡಿಲ್ಲ ಎಂದರು ಮೇಡಂ. ಮಾತಾಡಿದ್ದೇ ಅವರು, ನಮ್ಮ ಫೋನಿನಲ್ಲಿ ಎಂದರು ರಘುನಂದನ್.

"ಓ, ಹಾಗಾ? ಹಾಗಾದ್ರೆ ನಾಗಮಂಗಲ ಮಾತಾಡಿಲ್ಲ ಅಂತಾಯ್ತು. ಒಟ್ಟಿನಲ್ಲಿ ಮೂರೇ."

ರಘುನಂದನ್ ಮುದ್ದಯ್ಯನ ಕಡೆ ನೋಡಿದರು. ಮುದ್ದಯ್ಯ ಫ್ಯಾನಿನ ಕಡೆ ನೋಡಿದ. ಆಗ ರಘುನಂದನ್, ಆಯಮ್ಮನನ್ನು ಬರಹೇಳಿದ್ದು ತಾವಲ್ಲ, ಅವರಾಗಿಯೇ ಬಂದದ್ದು ಎಂದು ಇಡೀ ರಾಜ್ಯಕ್ಕೆ ಕೇಳುವಂತೆ ಹೇಳಿದರು.

ಪಾಂಡವಪುರಕ್ಕೆ ಫೋನು ಹೋಯಿತು.

"ಮೇಡಂ, ಆವಮ್ಮನ್ ಒಬ್ಳುನ್ನ ತೆಗ್ದಾಕಿ ನಮ್ ಮೂರ್ ಜನುನ್ನ ಪಾಸ್ ಮಾಡ್ಬುಡಿ. ಅವ್ಳು ಊರೂರು ಅಲ್ಕಂಡು ತಿರುಗುದ್ರೆ ನಾವೇನ್ ಮಾಡಾಕಾಯ್ತದೆ?"

ಅದಕ್ಕೂ ನಿಯಮವಿಲ್ಲ ಎಂದರು ಮೇಡಂ. ಚಿಕ್ಕಸ್ವಾಮಿ ತನ್ನ ಸರದಿ ಬಂದಾಗ, ತಿಮ್ಮರಾಜು ಹೇಳಿದ್ದೇ ನನ್ನದೂ ಎಂದ.

ಕಡೆಗೆ ಕೆ.ಆರ್. ಪೇಟೆಯ ಫೋನು ಮೊಳಗಿತು. ಪ್ರಮೀಳಾ ಎರಡು ಕೈಯಲ್ಲೂ ಹಿಡಿದು ಎತ್ತಿದಳು.

"ಮೇಡಂ, ನನ್ ಗಂಟಲು ಗುರುತು ಸಿಕ್ತದಾ? ಹೋದ್ವಾರ ಮಾತಾಡಿದ್ದು ನಾನೇ. ಈ ಜೂನಿಗೆ ಪದವಿ ಬಾರ್ದಿದ್ರೆ ನನ್ ಕೆಲ್ಸ ಹೊಂಟೋಯ್ತದೆ."

"ಗೊತ್ತಾಯ್ತಮ್ಮ, ಅದೇ ಧ್ವನಿ. ಇಷ್ಟು ಜನರಲ್ಲಿ ವಿಷಯ ತಿಳಿದು ಮಾತಾಡಿದವರು ನೀವೊಬ್ಬರೇ. ಆದ್ರೆ ಅಂಕ ಕೊಡೋದು ಕೇಂದ್ರಕ್ಕೆ, ಧ್ವನಿಗಲ್ಲ. ಹೋದ ವಾರದ ಫಲಿತಾಂಶ ಬದಲಾಗಲ್ಲ. ಈಗ ಮಾತಾಡ್ತಿರೋದು ಕೆ.ಆರ್. ಪೇಟೆಯಿಂದ ತಾನೆ?"

"ಹೌದು ಮೇಡಂ."

ಪರದೆಯ ಮೇಲೆ ಮೇಡಂ ಪೆನ್ನು ತೆಗೆದುಕೊಂಡು, ನಕ್ಕು, ಹಾಜರಿ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

"ಒಳ್ಳೇದು. ಈ ವಾರ ಕೆ.ಆರ್. ಪೇಟೆ ಹಾಜರು."